ವರ್ಗಮೂಲ ಇದೆ ಅಂದಮೇಲೆ ವಿಲೋಮ ಯಾಕಿಲ್ಲ?

ಸಂಜೆ_ಕಾಫಿ · ಭಾನುವಾರ ರಾತ್ರಿ 9:40

ಮಗಳು ಸೆಕೆಂಡ್ ಪಿಯು ಸೈನ್ಸ್. ನಾನು ಓದಿದ್ದು ಬಿ.ಕಾಂ. ಡೆಬಿಟ್ಟು, ಕ್ರೆಡಿಟ್ಟು ಬಿಟ್ಟರೆ ಬೇರೆ ಗಣಿತ ಮುಟ್ಟಿ 22 ವರ್ಷ ಆಯಿತು. ಆದರೂ ರಾತ್ರಿ ಪಾತ್ರೆ ತೊಳೆದ ಮೇಲೆ ಅವಳ ಪಕ್ಕ ಕೂರುತ್ತೇನೆ. ಅವಳಿಗೆ ಜೊತೆ, ನನಗೆ ಸ್ವಲ್ಪ ಪಾಠ.

ಕಳೆದ ವಾರ ಕಾಲೇಜಿನಲ್ಲಿ ಟೆಸ್ಟ್ ಇತ್ತು. ಮೊಬೈಲಿನಲ್ಲಿ ಕೀಬೋರ್ಡ್ ಬದಲಿಸುತ್ತಾ ಕೂರೋಕೆ ಬೇಜಾರು, ಅದಕ್ಕೆ ಎಕ್ಸ್ ಬದಲು ಕ್ಷ, ವೈ ಬದಲು ಯ, ಎಫ್ ಬದಲು ಫ ಅಂತ ಬರೆಯುತ್ತೇನೆ. ಅಡ್ಜಸ್ಟ್ ಮಾಡಿಕೊಳ್ಳಿ.

ಪ್ರಶ್ನೆ ಇದು: ಫ(ಕ್ಷ) = ಕ್ಷ² − 4ಕ್ಷ + 5. ಡೊಮೈನ್ (ಕ್ಷ ಇರಬೇಕಾದ ವ್ಯಾಪ್ತಿ) [2, ∞), ಕೋಡೊಮೈನ್ (ಉತ್ತರ ಇರಬೇಕಾದ ವ್ಯಾಪ್ತಿ) [1, ∞). ಒನ್-ಒನ್ ಎಂದು ತೋರಿಸಿ, ಇನ್ವರ್ಸ್ ಕಂಡುಹಿಡಿಯಿರಿ.

ಅವಳ ಉತ್ತರ: 2 ± √(ಯ − 1). ಐದಕ್ಕೆ ಎರಡು ಬಂತು. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಒಂದು ಪ್ರಶ್ನೆ ಗುರುತು. ಅಷ್ಟೇ, ಮತ್ತೇನೂ ಬರೆದಿಲ್ಲ.

ಅವಳ ಸಂಕಟ ಬೇರೆ. "ಅಮ್ಮಾ, ಕ್ಷ²ಗೆ ಇನ್ವರ್ಸ್ ಇಲ್ಲ ಅಂತಾರೆ. ಹಾಗಾದ್ರೆ ವರ್ಗಮೂಲ ಯಾಕಿದೆ? ಅದೇ ತಾನೇ ಇನ್ವರ್ಸು?" ಅಂದಳು. ನನಗೂ ಹೌದಲ್ವಾ ಅನ್ನಿಸಿತು. ಯಾರಾದರೂ ಬಿಡಿಸಿ ಹೇಳ್ತೀರಾ?

ಕರಿಹಲಗೆ · ಭಾನುವಾರ ರಾತ್ರಿ 10:15

ಮೇಡಂ, ಮೂವತ್ತು ವರ್ಷ ಇದೇ ಪಾಠ ಮಾಡಿ ರಿಟೈರ್ ಆದವನು ನಾನು. ನಿಮ್ಮ ಮಗಳು ಕೇಳಿದ್ದು ಒಳ್ಳೆಯ ಪ್ರಶ್ನೆ. ಕೆಂಪು ಪೆನ್ನಿನವರು ಪ್ರಶ್ನೆ ಗುರುತಿನ ಜೊತೆ ಒಂದು ಸಾಲು ಬರೆಯಬಹುದಿತ್ತು.

ವಿಲೋಮ, ಅಂದರೆ ನೀವು ಹೇಳುವ ಇನ್ವರ್ಸ್, ಹಿಂದಕ್ಕೆ ಹೋಗುವುದು. ಉತ್ತರ ಕೈಯಲ್ಲಿದೆ, ಯಾವ ಸಂಖ್ಯೆಯಿಂದ ಬಂತು ಹೇಳು ಅಂತ ಕೇಳುವುದು. ಈಗ ಡೊಮೈನ್ ಮರೆತುಬಿಡಿ. ಕ್ಷ = 1 ಹಾಕಿ: 1 − 4 + 5 = 2. ಕ್ಷ = 3 ಹಾಕಿ: 9 − 12 + 5 = 2. ನಾನು ನಿಮಗೆ ಬರೀ 2 ಅಂತ ಹೇಳಿದರೆ, ನಾನು ಹಾಕಿದ್ದು ಒಂದೋ ಮೂರೋ? ಹೇಳೋಕೆ ಆಗಲ್ಲ. ಎರಡು ದಾರಿ ಬಂದು ಒಂದೇ ಬಾಗಿಲಲ್ಲಿ ಸೇರಿಬಿಟ್ಟಿವೆ. ಅದಕ್ಕೇ ಅದು ಒನ್-ಒನ್ ಅಲ್ಲ, ಅದಕ್ಕೇ ವಿಲೋಮ ಇಲ್ಲ.

ಈಗ ಪ್ರಶ್ನೆಪತ್ರಿಕೆ ನೋಡಿ. ಡೊಮೈನ್ 2ರಿಂದ ಶುರು. ಅಂದರೆ 1 ಆಟದಲ್ಲೇ ಇಲ್ಲ. ಹಾಗಾಗಿ 2 ಬಂತು ಅಂದರೆ ಅದು ಮೂರರಿಂದಲೇ ಬಂದಿದ್ದು. ದಾರಿ ಒಂದೇ ಉಳಿಯಿತು. ನಿಮ್ಮ ಮಗಳು ಬಿಡಿಸಿದ್ದು ಸರಿಯಾಗೇ ಇದೆ: ಯ = (ಕ್ಷ − 2)² + 1, ಆದ್ದರಿಂದ ಕ್ಷ − 2 = ±√(ಯ − 1). ಇಲ್ಲಿ ನಿಂತು ಡೊಮೈನ್ ನೋಡಬೇಕಿತ್ತು. ಕ್ಷ ಎರಡಕ್ಕಿಂತ ಕಡಿಮೆ ಇಲ್ಲ, ಹಾಗಾಗಿ ಕ್ಷ − 2 ಮೈನಸ್ ಆಗಲ್ಲ. ಪ್ಲಸ್ ಇಟ್ಟುಕೊಂಡು ಮೈನಸ್ ಬಿಡಬೇಕು. ಹಾಗಾಗಿ ವಿಲೋಮ ಫ⁻¹(ಯ) = 2 + √(ಯ − 1). ಆ ± ಇದ್ದಷ್ಟು ಹೊತ್ತು ಅದು ಫಂಕ್ಷನ್ನೇ ಅಲ್ಲ. ಒಂದು ಯ ಕೊಟ್ಟರೆ ಎರಡು ಉತ್ತರ ಕೊಡುತ್ತದೆ.

ವರ್ಗಮೂಲದ ಪ್ರಶ್ನೆಗೂ ಇದೇ ಉತ್ತರ. √9 ಅಂದರೆ 3 ಮಾತ್ರ, −3 ಅಲ್ಲ ಅಂತ ನಾವು ಒಪ್ಪಂದ ಮಾಡಿಕೊಂಡಿದ್ದೇವೆ. ಹಾಗಾಗಿ √ ಅನ್ನೋದು ಇಡೀ ಕ್ಷ²ನ ವಿಲೋಮ ಅಲ್ಲ. ಅದರ ಗ್ರಾಫಿನ, ಅಂದರೆ ಪ್ಯಾರಾಬೋಲಾದ, ಬಲಗಡೆ ಅರ್ಧದ ವಿಲೋಮ. ಎಡಗಡೆ ಅರ್ಧ ಇಟ್ಟುಕೊಂಡರೆ ಅದರ ವಿಲೋಮ −√. ಇಡೀ ಪ್ಯಾರಾಬೋಲಾಗೆ ಇಲ್ಲ, ಅರ್ಧರ್ಧಕ್ಕೆ ಇದೆ.

ಒನ್-ಒನ್ ಅಂತ ತೋರಿಸುವ ಭಾಗ ಹೇಗೆ ಬರೆದಿದ್ದಾಳೆ? ಮೂರು ಮಾರ್ಕ್ಸ್ ಹೋಗಿದೆ ಅಂದರೆ ಅಲ್ಲೂ ಏನೋ ಇರಬೇಕು.

ಮೂರನೇ_ಬೆಂಚು · ಭಾನುವಾರ ರಾತ್ರಿ 10:32

ನಾನೂ ಸೆಕೆಂಡ್ ಪಿಯು. ಸಿಇಟಿಗೆ ನಮ್ಮ ಕೋಚಿಂಗಲ್ಲಿ ಹೇಳಿದ್ದು: ಗ್ರಾಫ್ ಬರೆದು ಅಡ್ಡಗೆರೆ ಎಳಿ. ಗೆರೆ ಒಂದಕ್ಕಿಂತ ಜಾಸ್ತಿ ಕಡೆ ಮುಟ್ಟಿದರೆ ಒನ್-ಒನ್ ಅಲ್ಲ. ಇನ್ವರ್ಸ್ ಬೇಕಾದರೆ ಕ್ಷ, ಯ ಅದಲುಬದಲು ಮಾಡಿ ಬಿಡಿಸು. ಎರಡೇ ನಿಮಿಷ. ಏರುತ್ತಾ ಹೋಗೋದು ಅಥವಾ ಇಳಿಯುತ್ತಾ ಹೋಗೋದು ಮಾತ್ರ ಒನ್-ಒನ್.

ಕರಿಹಲಗೆ · ಭಾನುವಾರ ರಾತ್ರಿ 10:41

ಮರಿ, ಕೊನೆಯ ಮಾತು ತಪ್ಪು. 1/ಕ್ಷ ತಗೋ. −1 ಹಾಕಿದರೆ −1, 1 ಹಾಕಿದರೆ 1, 2 ಹಾಕಿದರೆ ಅರ್ಧ. ಮೇಲೆ ಹೋಯಿತು, ಆಮೇಲೆ ಕೆಳಗೆ ಬಂತು. ಆದರೂ ಯಾವ ಅಡ್ಡಗೆರೆಯೂ ಎರಡು ಕಡೆ ಮುಟ್ಟಲ್ಲ. ಏರುತ್ತಲೇ ಇದ್ದರೆ ಒನ್-ಒನ್ ಖಂಡಿತ. ಆದರೆ ಒನ್-ಒನ್ ಇದ್ದ ಮಾತ್ರಕ್ಕೆ ಏರುತ್ತಲೇ ಇರಬೇಕು ಅಂತಿಲ್ಲ.

ರಾತ್ರಿಪಾಳಿ · ಸೋಮವಾರ ಬೆಳಗಿನ ಜಾವ 2:20

ಅದಲುಬದಲು ಮಾಡೋ ಶಾರ್ಟ್‌ಕಟ್ ಬಗ್ಗೆ ನನಗೆ ಸಣ್ಣ ಜಗಳ ಇದೆ. ಆಟೋ ಬಾಡಿಗೆ ತಗೊಳ್ಳಿ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. (ಮೀಟರ್ ಹಾಕುವ ಆಟೋ ಸಿಕ್ಕಿದರೆ ಅನ್ನೋದು ಬೇರೆ ಮಾತು.) ದೂರ ದ, ಬಾಡಿಗೆ ಬ ಅಂದರೆ, 2 ಕಿ.ಮೀ. ದಾಟಿದ ಮೇಲೆ

ಬ = 36 + 18(ದ − 2)

90 ರೂಪಾಯಿ ಆಯಿತು ಅನ್ನಿ. ಎಷ್ಟು ದೂರ ಬಂದೆ? ದ = 2 + (ಬ − 36)/18. ಅಂದರೆ 2 + 3, ಐದು ಕಿ.ಮೀ. ಇದೇ ವಿಲೋಮ. ಇಲ್ಲಿ ದ ಇದ್ದ ಕಡೆ ಬ, ಬ ಇದ್ದ ಕಡೆ ದ ಹಾಕಿದರೆ ಕಿಲೋಮೀಟರ್ ಜಾಗದಲ್ಲಿ ರೂಪಾಯಿ ಬಂದು ಕೂರುತ್ತದೆ. ಅದಲುಬದಲು ಮಾಡೋ ಅಗತ್ಯವೇ ಇಲ್ಲ. ಒಳಗೆ ಸಿಕ್ಕಿಕೊಂಡಿರುವ ದ ಅನ್ನು ಹೊರಗೆ ತಂದರೆ ಮುಗಿಯಿತು.

ಈಗ ಮಜಾ. 36 ರೂಪಾಯಿ ಆಯಿತು ಅಂದರೆ ಎಷ್ಟು ದೂರ? ಅರ್ಧ ಕಿ.ಮೀ. ಇರಬಹುದು, ಒಂದೂವರೆ ಇರಬಹುದು. ಗ್ರಾಫ್ ಬರೆದರೆ ಮೊದಲ 2 ಕಿ.ಮೀ. ನೆಲಕ್ಕೆ ಸಮನಾಗಿ ಮಲಗಿರುತ್ತದೆ. ಅಡ್ಡಗೆರೆ ಅಲ್ಲಿ ಒಂದೆರಡು ಕಡೆ ಅಲ್ಲ, ಉದ್ದಕ್ಕೂ ಅಂಟಿಕೊಳ್ಳುತ್ತದೆ. ಇಡೀ ಬಾಡಿಗೆ ಪಟ್ಟಿಗೆ ವಿಲೋಮ ಇಲ್ಲ. 2 ಕಿ.ಮೀ.ಯಿಂದ ಆಚೆಗೆ ಇದೆ.

ಇನ್ನೊಂದು. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು. ರಾತ್ರಿ ಕನಿಷ್ಠ ಬಾಡಿಗೆ 54. ಹಗಲಲ್ಲಿ ಮೂರು ಕಿ.ಮೀ.ಗೂ 54. ಆಫೀಸಿಗೆ ಬಿಲ್ ಹಾಕುವಾಗ ಬರೀ 54 ಅಂತ ಬರೆದರೆ ಅಕೌಂಟ್ಸ್‌ನವರಿಗೆ ದೂರವೂ ಗೊತ್ತಾಗಲ್ಲ, ಹೊತ್ತೂ ಗೊತ್ತಾಗಲ್ಲ. ನನ್ನ ಒಂದು ಕ್ಲೇಮ್ ಇದೇ ಕಾರಣಕ್ಕೆ ವಾಪಸ್ ಬಂದಿತ್ತು. ಆಗ ಅವರನ್ನು ಬೈದಿದ್ದೆ. ಈಗ ಯೋಚಿಸಿದರೆ ಅವರದ್ದು ಸರಿ, ಫಂಕ್ಷನ್ ಒನ್-ಒನ್ ಇರಲಿಲ್ಲ.

ಅಂಗಡಿ_ಲೆಕ್ಕ · ಸೋಮವಾರ ಬೆಳಗ್ಗೆ 8:05

ನಮ್ಮ ಹಾರ್ಡ್‌ವೇರ್ ಅಂಗಡಿಗೆ ಬರುವ ಹೊಸ ಹುಡುಗರೆಲ್ಲ ಮಾಡುವ ತಪ್ಪು ಒಂದಿದೆ. ಜಿಎಸ್‌ಟಿ ಸೇರಿ 1180 ಬಿಲ್, ತೆರಿಗೆ 18 ಪರ್ಸೆಂಟ್, ಅಸಲು ಎಷ್ಟು? 1180ರಲ್ಲಿ 18 ಪರ್ಸೆಂಟ್ ಕಳೆದು 967 ರೂಪಾಯಿ 60 ಪೈಸೆ ಅಂತಾರೆ. ಅಸಲು 1000. ಸೇರಿಸುವಾಗ 1.18ರಿಂದ ಗುಣಿಸಿದ್ದೀಯ, ತೆಗೆಯುವಾಗ 1.18ರಿಂದ ಭಾಗಿಸು. ಬೇರೆ ಏನೂ ಮಾಡಬೇಡ.

ಮೊದಲು 50 ರೂಪಾಯಿ ಡಿಸ್ಕೌಂಟ್ ಕೊಟ್ಟು ಆಮೇಲೆ ತೆರಿಗೆ ಹಾಕಿದ್ದರೆ, ವಾಪಸ್ ಹೋಗುವಾಗ ಮೊದಲು 1.18ರಿಂದ ಭಾಗಿಸಿ ಆಮೇಲೆ 50 ಕೂಡಬೇಕು. ಬನಿಯನ್ ಮೇಲೆ ಅಂಗಿ ಹಾಕಿದವನು ಬಿಚ್ಚುವಾಗ ಮೊದಲು ಅಂಗಿ ತಾನೇ ಬಿಚ್ಚೋದು?

ಬಿಲ್ ಕೆಳಗೆ ರೌಂಡ್ ಆಫ್ ಅಂತ ಒಂದು ಸಾಲು ಇರುತ್ತದೆ. 1179.60 ಇದ್ದರೂ 1180, 1180.40 ಇದ್ದರೂ 1180. ಆ ಸಾಲು ಹರಿದುಹೋದರೆ ಪೈಸೆ ಲೆಕ್ಕ ದೇವರೇ ಹೇಳಬೇಕು.

ಸಂಜೆ_ಕಾಫಿ · ಸೋಮವಾರ ಸಂಜೆ 6:50

ಎಲ್ಲರಿಗೂ ಥ್ಯಾಂಕ್ಸ್. ಜಿಎಸ್‌ಟಿ ನನ್ನ ತಲೆಗೂ ಹೋಯಿತು! ಕರಿಹಲಗೆ ಸರ್, ಅವಳು ಬರೆದದ್ದು ಹೀಗಿದೆ, ಹಾಗೇ ಇಳಿಸುತ್ತೇನೆ:

"ಅ = ಬ ಆಗಿರಲಿ. ಆಗ ಅ² − 4ಅ + 5 = ಬ² − 4ಬ + 5. ಆದ್ದರಿಂದ ಫ(ಅ) = ಫ(ಬ). ಆದ್ದರಿಂದ ಫ ಒನ್-ಒನ್."

ಕರಿಹಲಗೆ · ಸೋಮವಾರ ಸಂಜೆ 7:20

ಸಿಕ್ಕಿತು ನೋಡಿ. ನಾನು ತಿದ್ದಿದ ಪೇಪರುಗಳಲ್ಲಿ ಈ ಅಧ್ಯಾಯದಲ್ಲಿ ಅತಿ ಹೆಚ್ಚು ಕಂಡ ತಪ್ಪು ಇದು. ಅವಳು ಹೊರಟಿದ್ದು ಉಲ್ಟಾ ದಿಕ್ಕಿನಲ್ಲಿ. ಅ, ಬ ಒಂದೇ ಆದರೆ ಉತ್ತರವೂ ಒಂದೇ ಅನ್ನೋದು ಲೋಕದ ಎಲ್ಲ ಫಂಕ್ಷನ್ನಿಗೂ ನಿಜ. ಆಟೋ ಬಾಡಿಗೆಗೂ ನಿಜ. ಅದರಿಂದ ಏನೂ ಸಾಬೀತಾಗಲ್ಲ.

ಶುರು ಮಾಡಬೇಕಾದ್ದು ಉತ್ತರದ ಕಡೆಯಿಂದ. ಫ(ಅ) = ಫ(ಬ) ಆಗಿರಲಿ. ಆಗ

ಅ² − ಬ² − 4(ಅ − ಬ) = 0
(ಅ − ಬ)(ಅ + ಬ − 4) = 0

ಒಂದೋ ಅ = ಬ, ಇಲ್ಲವೋ ಅ + ಬ = 4. ಈ ಎರಡನೆಯದೇ ಕಳ್ಳ ದಾರಿ. ಮೇಲೆ ನೋಡಿದ 1 ಮತ್ತು 3 ಕೂಡಿದರೆ ನಾಲ್ಕೇ ತಾನೇ? ಆದರೆ ಡೊಮೈನಿನಲ್ಲಿ ಎರಡೂ ಸಂಖ್ಯೆ 2 ಅಥವಾ ಅದಕ್ಕಿಂತ ಹೆಚ್ಚು. ಕೂಡಿ 4 ಆಗಬೇಕಾದರೆ ಎರಡೂ 2 ಆಗಿರಲೇಬೇಕು. ಆಗಲೂ ಅ = ಬ. ಕಳ್ಳ ದಾರಿ ಮುಚ್ಚಿತು.

ಗಮನಿಸಿ, ಡೊಮೈನ್ ಬಳಸಿದ್ದು ಇದೊಂದೇ ಸಾಲಿನಲ್ಲಿ. ಅದನ್ನು ಬರೆಯದಿದ್ದರೆ ನಾನೂ ಮಾರ್ಕ್ಸ್ ಕೊಡುತ್ತಿರಲಿಲ್ಲ.

ಶ್ರುತಿಪೆಟ್ಟಿಗೆ · ಸೋಮವಾರ ರಾತ್ರಿ 9:10

ಗಣಿತ ನನ್ನ ಕ್ಷೇತ್ರ ಅಲ್ಲ, ಸಂಗೀತ ಪಾಠ ಹೇಳುತ್ತೇನೆ. ಆದರೆ ನೀವು ಹೇಳುತ್ತಿರುವುದು ಕಟಪಯಾದಿ (ಅಕ್ಷರಕ್ಕೆ ಅಂಕಿ ಕೊಡುವ ಪದ್ಧತಿ) ಥರ ಇದೆ ಅನ್ನಿಸಿ ಬರೆಯುತ್ತಿದ್ದೇನೆ.

ಕರ್ನಾಟಕ ಸಂಗೀತದಲ್ಲಿ 72 ಮೇಳಕರ್ತ, ಅಂದರೆ ಮೂಲ ರಾಗಗಳಿವೆ. ಹೆಸರಿನ ಮೊದಲ ಎರಡು ಅಕ್ಷರದಿಂದ ಎಷ್ಟನೇ ಮೇಳ ಅಂತ ಗೊತ್ತಾಗುತ್ತದೆ. ಮಾಯಾಮಾಳವಗೌಳ: ಮ ಅಂದರೆ 5, ಯ ಅಂದರೆ 1. ಬಲದಿಂದ ಎಡಕ್ಕೆ ಓದಿದರೆ 15. ಹರಿಕಾಂಭೋಜಿ: ಹ 8, ರ 2. ತಿರುಗಿಸಿದರೆ 28. ಮಕ್ಕಳಿಗೆ ಇದೊಂದು ಆಟ.

ಆದರೆ ಕ, ಟ, ಪ, ಯ ನಾಲ್ಕಕ್ಕೂ ಬೆಲೆ 1. ಹೆಸರೇ ಅದರಿಂದ ಬಂದಿದ್ದು. ವ್ಯಂಜನದ ಜೊತೆ ಸೇರುವ ಸ್ವರಾಕ್ಷರಕ್ಕೆ ಲೆಕ್ಕವಿಲ್ಲ, ಮಾ, ಮೇ, ಮೂ ಎಲ್ಲ 5. ಹಾಗಾಗಿ ಸಂಖ್ಯೆಯಿಂದ ಅಕ್ಷರಕ್ಕೆ ವಾಪಸ್ ಹೋಗೋಕೆ ಆಗಲ್ಲ. ಮೇಚಕಲ್ಯಾಣಿ 65ನೇ ಮೇಳ, ಮ 5, ಚ 6. ಆದರೆ "ಮಾತು" ಅಂದರೂ 65. "ಮೂತಿ" ಅಂದರೂ 65! ಒಬ್ಬ ಹುಡುಗ ಇದನ್ನು ಕಂಡುಹಿಡಿದ ದಿನ ಪಾಠ ಅಲ್ಲಿಗೇ ನಿಂತಿತು, ಕ್ಲಾಸಿನಲ್ಲಿ ನಗು ಮುಗಿಯಲೇ ಇಲ್ಲ.

ಆದರೂ 65ನೇ ಮೇಳ ಯಾವುದು ಅಂದರೆ ನಾವು ತಡವರಿಸದೆ ಕಲ್ಯಾಣಿ ಅನ್ನುತ್ತೇವೆ. ಯಾಕೆಂದರೆ ಹುಡುಕುವುದು ಆ 72 ಹೆಸರುಗಳ ಒಳಗೆ ಮಾತ್ರ. ಅಲ್ಲಿ ಒಂದು ಸಂಖ್ಯೆಗೆ ಒಂದೇ ರಾಗ. ಇದು ನಿಮ್ಮ ಡೊಮೈನ್ ಕಡಿಮೆ ಮಾಡುವ ವಿಷಯವೇ ಅಲ್ವಾ?

ಕರಿಹಲಗೆ · ಸೋಮವಾರ ರಾತ್ರಿ 9:25

ಅದೇ, ಅದೇ! ಇಷ್ಟು ವರ್ಷ ಪಾಠ ಮಾಡಿ ಈ ಉದಾಹರಣೆ ನನಗೆ ಹೊಳೆದಿರಲಿಲ್ಲವಲ್ಲ. ಕಲ್ಯಾಣಿಗೆ ಮುಂದೆ "ಮೇಚ" ಅಂಟಿಸಿದ್ದು ಈ ಲೆಕ್ಕಕ್ಕೇ ಅಂತ ಕೇಳಿದ್ದೆ.

ಶ್ರುತಿಪೆಟ್ಟಿಗೆ · ಸೋಮವಾರ ರಾತ್ರಿ 9:31

ಹೌದು ಸರ್. ಶಂಕರಾಭರಣಕ್ಕೂ ಹಾಗೇ "ಧೀರ" ಸೇರಿಸಿದರು. ಧ 9, ರ 2, ಅಂದರೆ 29.

ರಾತ್ರಿಪಾಳಿ · ಮಂಗಳವಾರ ಬೆಳಗಿನ ಜಾವ 1:45

ನಮ್ಮ ಮನೆ ಗ್ರೂಪಿನಲ್ಲಿ ಚಿಕ್ಕಪ್ಪ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಅಲ್ಲಿ ಹಳ್ಳಿಗೂ ಹಲ್ಲಿಗೂ ಒಂದೇ ಸ್ಪೆಲ್ಲಿಂಗ್. "ಅಡುಗೆಮನೇಲಿ ಹಲ್ಲಿ" ಅಂತ ಹಾಕಿದರೆ ಚಿಕ್ಕಮ್ಮ "ಯಾವ ಹಳ್ಳಿ?" ಅಂತ ಕೇಳಿದರು. ಬರಹ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುವವರು ಳ ಬೇಕಾದಾಗ ದೊಡ್ಡ ಎಲ್ ಒತ್ತುತ್ತಾರಲ್ಲ, ಅದು ಇದೇ ರೋಗಕ್ಕೆ ಮದ್ದು.

ಮೂರನೇ_ಬೆಂಚು · ಮಂಗಳವಾರ ಸಂಜೆ 5:30

ಸರ್, ಎರಡು ಡೌಟು. ಒಂದು, ಇ ಘಾತ ಕ್ಷ (eˣ) ಒನ್-ಒನ್ ತಾನೇ? ಆದರೆ ಗೈಡಿನಲ್ಲಿ ಡೊಮೈನ್, ಕೋಡೊಮೈನ್ ಎರಡೂ ಎಲ್ಲ ನೈಜ ಸಂಖ್ಯೆಗಳು ಅಂತ ಕೊಟ್ಟು "ಇನ್ವರ್ಟಿಬಲ್ ಅಲ್ಲ" ಅಂತ ಬರೆದಿದೆ. ಲಾಗ್ ಇದೆಯಲ್ಲ?

ಎರಡು, (2ಕ್ಷ + 3)/(ಕ್ಷ − 1) ಥರದ್ದಕ್ಕೆ ನಾವು ಮೇಲಿನ 2 ಮತ್ತು ಕೆಳಗಿನ −1 ಜಾಗ ಬದಲಿಸಿ, ಎರಡರ ಚಿಹ್ನೆಯನ್ನೂ ಬದಲಿಸಿ, (ಕ್ಷ + 3)/(ಕ್ಷ − 2) ಅಂತ ಬರೆದುಬಿಡುತ್ತೇವೆ. ಇದು ಯಾವಾಗಲೂ ಸರಿಯಾ?

ಕರಿಹಲಗೆ · ಮಂಗಳವಾರ ಸಂಜೆ 6:40

ಮೊದಲನೆಯದು. ಕೋಡೊಮೈನ್ ಎಲ್ಲ ನೈಜ ಸಂಖ್ಯೆ ಅಂದಮೇಲೆ −7ರಿಂದಲೂ ವಾಪಸ್ ಹೋಗೋಕೆ ಆಗಬೇಕು. ಇ ಘಾತ ಯಾವತ್ತೂ −7 ಆಗಲ್ಲ. ಒನ್-ಒನ್ ಇದ್ದರೂ ಆನ್‌ಟು ಅಲ್ಲ, ಅಂದರೆ ಕೋಡೊಮೈನಿನ ಎಲ್ಲ ಸಂಖ್ಯೆಯನ್ನೂ ಮುಟ್ಟಲ್ಲ. ಎರಡು ದಾರಿ ಸೇರಿದ ಬಾಗಿಲು ಒಂದು ತೊಂದರೆ, ದಾರಿಯೇ ಇಲ್ಲದ ಬಾಗಿಲು ಇನ್ನೊಂದು. ಕೋಡೊಮೈನನ್ನು (0, ∞) ಅಂತ ಕತ್ತರಿಸಿದರೆ ಲಾಗ್ ಸಿಗುತ್ತದೆ. ಲಾಗ್‌ಗೆ ನೆಗೆಟಿವ್ ಸಂಖ್ಯೆ ಹಾಕಬಾರದು ಅಂತ ಉರು ಹೊಡೆದಿದ್ದೀಯಲ್ಲ, ಅದರ ಮೂಲ ಇಲ್ಲಿದೆ.

ಎರಡನೆಯದು ಈ ಲೆಕ್ಕಕ್ಕೆ ಸರಿ, ಯಾವಾಗಲೂ ಅಲ್ಲ. ಒಮ್ಮೆ ಕೈಯಾರೆ ಬಿಡಿಸು. ಯ(ಕ್ಷ − 1) = 2ಕ್ಷ + 3. ಕ್ಷ ಇರುವುದನ್ನೆಲ್ಲ ಒಂದು ಕಡೆ ತಂದರೆ ಕ್ಷ(ಯ − 2) = ಯ + 3. ಕ್ಷ = (ಯ + 3)/(ಯ − 2). ಇಲ್ಲಿ ಯ ಎರಡು ಆಗಬಾರದು ಅಂತ ತಾನಾಗೇ ಕಾಣುತ್ತದೆ. ಶಾರ್ಟ್‌ಕಟ್‌ನಲ್ಲಿ ಅದು ಕಾಣಲ್ಲ. ಇನ್ನು (2ಕ್ಷ + 4)/(ಕ್ಷ + 2) ಕೊಟ್ಟರೆ ಏನು ಮಾಡ್ತೀಯ? ಮೇಲೆ ಎರಡು ಹೊರಗೆ ತೆಗೆ. ಅದು ಯಾವಾಗಲೂ 2. ನಿನ್ನ ಶಾರ್ಟ್‌ಕಟ್ ಅದಕ್ಕೂ ಒಂದು ಇನ್ವರ್ಸ್ ಕೊಡುತ್ತದೆ, ಶುದ್ಧ ಸುಳ್ಳು.

ಅದಲುಬದಲಿನ ವಿಷಯದಲ್ಲಿ ನಾನು ರಾತ್ರಿಪಾಳಿ ಅವರ ಕಡೆ. ಮೊದಲು ಕ್ಷ ಬಿಡಿಸು. ಎರಡು ಗ್ರಾಫನ್ನೂ ಒಂದೇ ಹಾಳೆ ಮೇಲೆ ಬರೆಯಬೇಕಾದಾಗ ಮಾತ್ರ ಕೊನೆಯಲ್ಲಿ ಅಕ್ಷರ ಬದಲಿಸು.

ಹಾಗೇ, ಫ⁻¹ ಅಂದರೆ 1/ಫ ಅಂತ ಯಾರೂ ತಿಳಿಯಬೇಡಿ. ಆ −1 ಘಾತ ಅಲ್ಲ. ಸೈನ್ ಮೇಲೆ −1 ಹಾಕುವ ರೂಢಿ ಶುರು ಮಾಡಿದವರು ಜಾನ್ ಹರ್ಷೆಲ್, 1813ರಲ್ಲಿ. ಅಂದಿನಿಂದ ಮಕ್ಕಳು ಎಡವುತ್ತಲೇ ಇದ್ದಾರೆ. ಎರಡನೇ ಅಧ್ಯಾಯದಲ್ಲಿ ಅದೇ ಬರುತ್ತದೆ: ಸೈನ್ 30 ಡಿಗ್ರಿಯೂ ಅರ್ಧ, ಸೈನ್ 150 ಡಿಗ್ರಿಯೂ ಅರ್ಧ, ಆದರೆ ಕ್ಯಾಲ್ಕುಲೇಟರ್ 30 ಅಂತ ಮಾತ್ರ ಹೇಳುತ್ತದೆ. ಯಾಕೆ ಅಂತ ಈಗ ನೀನೇ ಹೇಳಬಲ್ಲೆ.

ಮೂರನೇ_ಬೆಂಚು · ಮಂಗಳವಾರ ಸಂಜೆ 6:58

−90ರಿಂದ 90ರ ಒಳಗೆ ಮಾತ್ರ ಇಟ್ಟುಕೊಂಡಿದ್ದಾರೆ, 150 ಆಟದಲ್ಲೇ ಇಲ್ಲ. ಅಲ್ವಾ ಸರ್?

ಕರಿಹಲಗೆ · ಮಂಗಳವಾರ ಸಂಜೆ 7:02

ಭೇಷ್.

ನಿಮ್ಮ ಮಗಳಿಗೆ ಒಂದು ಹೋಮ್‌ವರ್ಕ್, ಮೇಡಂ. ಪ್ಯಾರಾಬೋಲಾವನ್ನು ತೆಳು ಹಾಳೆ ಮೇಲೆ ದಪ್ಪ ಪೆನ್ನಿನಲ್ಲಿ ಬರೆಯಲಿ. ಮೇಲಿನ ಬಲ ಮೂಲೆ, ಕೆಳಗಿನ ಎಡ ಮೂಲೆ ಹಿಡಿದು ಹಾಳೆಯನ್ನು ಮಗುಚಲಿ. ಬೆಳಕಿಗೆ ಹಿಡಿದು ಹಿಂದಿನಿಂದ ನೋಡಲಿ. ಏನು ಕಾಣುತ್ತದೆ ಅಂತ ಬರೆಯಿರಿ. ಜೊತೆಗೆ ಇದು: ಫ(ಕ್ಷ) = ಕ್ಷ⁵ + ಕ್ಷ. ಫ⁻¹(34) ಎಷ್ಟು?

ಸಂಜೆ_ಕಾಫಿ · ಬುಧವಾರ ರಾತ್ರಿ 10:05

ಬಟರ್ ಪೇಪರ್ ಇರಲಿಲ್ಲ. ಮಧ್ಯಾಹ್ನ ಬೇಕರಿಯಿಂದ ಬಂದ ಖಾರಾ ಬನ್ ಸುತ್ತಿದ್ದ ಕಾಗದ ಎಣ್ಣೆ ಹಿಡಿದು ಆರ್‌ಪಾರ್ ಕಾಣುತ್ತಿತ್ತು, ಅದರ ಮೇಲೇ ಬರೆದಳು. ನೀವು ಹೇಳಿದ ಹಾಗೆ ಮಗುಚಿ ಟ್ಯೂಬ್‌ಲೈಟಿಗೆ ಹಿಡಿದರೆ, ಅಡ್ಡ ಇದ್ದ ಗೆರೆ ಮೇಲಕ್ಕೆ ನಿಂತಿತು, ನಿಂತಿದ್ದು ಅಡ್ಡ ಮಲಗಿತು. ಬಟ್ಟಲಿನ ಹಾಗಿದ್ದ ಪ್ಯಾರಾಬೋಲಾ ಬಲಕ್ಕೆ ಬಾಯಿ ತೆರೆದುಕೊಂಡು ಮಲಗಿತ್ತು.

ಸ್ವಲ್ಪ ಹೊತ್ತು ನೋಡಿ ಅವಳೇ ಅಂದಳು: "ಅಮ್ಮಾ, ಈಗ ನಿಲುಗೆರೆ ಎಳೆದರೆ ಎರಡು ಕಡೆ ಮುಟ್ಟುತ್ತೆ. ಆ ಕಡೆ ಅಡ್ಡಗೆರೆ, ಈ ಕಡೆ ನಿಲುಗೆರೆ, ಎರಡೂ ಒಂದೇ ಟೆಸ್ಟು." ಆಮೇಲೆ ಕೆಳಗಿನ ಅರ್ಧವನ್ನು ಬೆರಳಿನಿಂದ ಮುಚ್ಚಿ ತೋರಿಸಿದಳು. ಉಳಿದಿದ್ದು 2 + √(ಯ − 1). ಬೆರಳಿನ ಕೆಳಗೆ ಇದ್ದದ್ದು ಅವಳ ಮೈನಸ್. ನಾನು ಸುಮ್ನೆ ನೋಡುತ್ತಾ ಕೂತಿದ್ದೆ, ಕಾಫಿ ಆರಿಹೋಗಿತ್ತು.

34ರ ಲೆಕ್ಕ ಮಾತ್ರ ಒಂದೂವರೆ ಪುಟ ಹಿಡಿಯಿತು. ಕ್ಷ ಹೊರಗೆ ತರೋಕೆ ಏನೆಲ್ಲ ಮಾಡಿದಳು, ಬರಲಿಲ್ಲ. ಕೊನೆಗೆ ಬೇಸತ್ತು ಕ್ಷ = 2 ಹಾಕಿದಳು. 32 + 2, ಸರಿಯಾಗಿ 34! ಈಗ ಜಗಳ ಮಾಡ್ತಿದ್ದಾಳೆ, "ಸೂತ್ರ ಇಲ್ಲದೆ ಊಹೆ ಮಾಡಿದರೆ ಮಾರ್ಕ್ಸ್ ಕೊಡ್ತಾರಾ?" ಅಂತ.

ಕರಿಹಲಗೆ · ಬುಧವಾರ ರಾತ್ರಿ 10:20

ಅದಕ್ಕೆ ವರ್ಗಮೂಲ, ಘನಮೂಲ, ಐದನೇ ಮೂಲ ಬಳಸಿ ಸೂತ್ರ ಬರೆಯೋಕೆ ಆಗೋದೇ ಇಲ್ಲ. ಅವಳ ತಪ್ಪಲ್ಲ. ವಿಲೋಮ ಇರುವುದು ಬೇರೆ, ಅದಕ್ಕೆ ಸೂತ್ರ ಸಿಗುವುದು ಬೇರೆ. ಊಹೆ ಮಾಡಿದರೂ ನಾನು ಪೂರ್ತಿ ಮಾರ್ಕ್ಸ್ ಕೊಡುತ್ತೇನೆ, ಆದರೆ ಒಂದು ಷರತ್ತು. 2 ಬಿಟ್ಟು ಇನ್ಯಾವುದೂ 34 ಕೊಡಲ್ಲ ಅಂತ ಅವಳಿಗೆ ಹೇಗೆ ಗೊತ್ತು?

ಸಂಜೆ_ಕಾಫಿ · ಬುಧವಾರ ರಾತ್ರಿ 10:34

ಅವಳೇ ಟೈಪ್ ಮಾಡ್ತಿದ್ದಾಳೆ, ಫೋನ್ ಕಿತ್ತುಕೊಂಡಳು:

"ಸರ್, ಅ > ಬ ಆದರೆ ಅ⁵ > ಬ⁵. ಎರಡನ್ನೂ ಕೂಡಿದರೆ ಅ⁵ + ಅ > ಬ⁵ + ಬ. ಬೇರೆ ಬೇರೆ ಸಂಖ್ಯೆಗೆ ಒಂದೇ ಉತ್ತರ ಬರೋಕೆ ಸಾಧ್ಯವೇ ಇಲ್ಲ. ಈ ಸಲ ಸರಿಯಾದ ಕಡೆಯಿಂದ ಶುರು ಮಾಡಿದ್ದೀನಿ ಅಲ್ವಾ?"

ಕರಿಹಲಗೆ · ಬುಧವಾರ ರಾತ್ರಿ 10:36

ಐದಕ್ಕೆ ಐದು. ಮಲಗಿ ಈಗ.